ಕುರ್ಚಿ ಅದೇ, ಕಚೇರಿ ಹೊಸದು

ಇವತ್ತು ಏಪ್ರಿಲ್ 1. ಬೆಳಿಗ್ಗೆಯಿಂದ ಯಾರೋ ನಿಮ್ಮನ್ನ ಫೂಲ್ ಮಾಡಿರ್ತಾರೆ, ಇಲ್ಲಾ ನೀವೇ ಯಾರನ್ನೋ ಮಾಡಿರ್ತೀರಿ. ಇರಲಿ. ಬ್ಯಾಂಕಿನವರಿಗೆ ಮಾತ್ರ ಇದು ತಮಾಷೆಯ ದಿನ ಅಲ್ಲ, ವರ್ಷದ ಲೆಕ್ಕ ಮುಗಿಸೋ ದಿನ. ಗ್ರಾಹಕರಿಗೆ ಬಾಗಿಲು ಹಾಕಿರುತ್ತೆ, ಒಳಗೆ ಕೆಲಸ ನಡೀತಿರುತ್ತೆ. ಆದರೆ ನಮ್ಮ ರಾಜ್ಯದ ಸಾವಿರಾರು ಬ್ಯಾಂಕ್ ನೌಕರರಿಗೆ ಈ ತಾರೀಖು ಅಂದ್ರೆ ಇನ್ನೂ ಒಂದು ನೆನಪು ಬರುತ್ತೆ.

2017ರ ಏಪ್ರಿಲ್ 1. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನ ಆಯ್ತು. 2019ರ ಏಪ್ರಿಲ್ 1. ವಿಜಯಾ ಬ್ಯಾಂಕ್, ಬ್ಯಾಂಕ್ ಆಫ್ ಬರೋಡಾಗೆ ಸೇರಿತು. 2020ರ ಏಪ್ರಿಲ್ 1, ದೇಶಕ್ಕೆ ದೇಶವೇ ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕೂತಿದ್ದಾಗ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿಹೋದವು. ಮೂರು ಏಪ್ರಿಲ್ ಒಂದು, ನಾಲ್ಕು ಬ್ಯಾಂಕು. ನಾಲ್ಕೂ ನಮ್ಮ ನೆಲದಲ್ಲಿ ಹುಟ್ಟಿದ್ದು.

ಸಣ್ಣಪುಟ್ಟ ಬ್ಯಾಂಕುಗಳಲ್ಲ ಇವು. ಮೈಸೂರು ಬ್ಯಾಂಕ್ ಶುರುವಾಗಿದ್ದು 1913ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ. ಬ್ಯಾಂಕ್ ಹೋಗಿ ಇಷ್ಟು ವರ್ಷ ಆದ್ರೂ ಬೆಂಗಳೂರಿನಲ್ಲಿ ಆಟೋದವರಿಗೆ ಅದು ಇವತ್ತಿಗೂ 'ಮೈಸೂರ್ ಬ್ಯಾಂಕ್ ಸರ್ಕಲ್ಲೇ'. ಕಾರ್ಪೊರೇಷನ್ ಬ್ಯಾಂಕನ್ನ 1906ರಲ್ಲಿ ಉಡುಪಿಯಲ್ಲಿ ಕಟ್ಟಿದ್ದು ಹಾಜಿ ಅಬ್ದುಲ್ಲಾ ಸಾಹೇಬರು. ಸಿಂಡಿಕೇಟ್ ಬ್ಯಾಂಕ್ ಕೂಡ ಉಡುಪಿಯ ಕೂಸೇ. 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ ಶುರು ಮಾಡಿದ್ದು. ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೂಡ ಕಟ್ಟಿಸಿಕೊಳ್ಳೋ ಪಿಗ್ಮಿ ಠೇವಣಿ 1928ರಲ್ಲಿ ಅಲ್ಲಿಂದಲೇ ಬಂತು. ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ, ಎ.ಬಿ. ಶೆಟ್ಟರ ಮುಂದಾಳತ್ವದಲ್ಲಿ ಹುಟ್ಟಿತು.

ವಿಲೀನ ಸರಿಯೋ ತಪ್ಪೋ ಅನ್ನೋದು ಇವತ್ತಿನ ಮಾತಲ್ಲ. ಆ ಚರ್ಚೆ ಇದೇ ಸ್ಟುಡಿಯೋದಲ್ಲಿ ಬೇಕಾದಷ್ಟು ಆಗಿದೆ. ನಾನು ಕೇಳ್ತಿರೋದು ಬೇರೆ. ಮಾರ್ಚ್ 31ರ ರಾತ್ರಿ ಒಂದು ಬ್ಯಾಂಕಿನ ನೌಕರನಾಗಿ ಮನೆಗೆ ಹೋದ ಮನುಷ್ಯ, ಮಾರನೇ ದಿನ ಅದೇ ಕಟ್ಟಡಕ್ಕೆ, ಅದೇ ಕುರ್ಚಿಗೆ ಇನ್ನೊಂದು ಬ್ಯಾಂಕಿನ ನೌಕರನಾಗಿ ಬಂದು ಕೂತನಲ್ಲ, ಅವನಿಗೆ ಏನಾಯ್ತು? ನಾವೆಲ್ಲ ಹೊಸ ಆಫೀಸಿಗೆ ಹೋಗ್ತೀವಿ. ಇವರ ವಿಷಯದಲ್ಲಿ ಹೊಸ ಆಫೀಸೇ ಇವರು ಇದ್ದಲ್ಲಿಗೆ ಬಂತು. ಬೇಕಾ ಅಂತ ಯಾರೂ ಕೇಳಲಿಲ್ಲ.

ನಮ್ಮ ಭಾವನ ಕಥೆ ಹೇಳ್ತೀನಿ. ಅಕ್ಕನ ಗಂಡ. ಯಾವ ಬ್ಯಾಂಕು, ಯಾವ ಊರು ಅಂತ ಹೇಳಲ್ಲ, ಅದು ಮುಖ್ಯವೂ ಅಲ್ಲ. ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಊರು ಅಂತ ಇಟ್ಕೊಳ್ಳಿ. ಕ್ಲರ್ಕ್ ಆಗಿ ಸೇರಿ, ಆಫೀಸರ್ ಆಗಿ, ಒಂದೇ ಬ್ಯಾಂಕಿನಲ್ಲಿ 26 ವರ್ಷ. ಬ್ರಾಂಚಿನಲ್ಲಿ ಏನೇ ತೊಡಕಾದರೂ ಎಲ್ಲರೂ ಬರ್ತಿದ್ದದ್ದು ಇವರ ಟೇಬಲ್ಲಿಗೆ. ಸಂಜೆ ಕ್ಯಾಶ್ ಟ್ಯಾಲಿ ಆಗ್ತಿಲ್ವಾ? ಭಾವ ಬಂದು ಐದು ನಿಮಿಷ ನೋಡಿದ್ರೆ ಸಾಕು, ತಪ್ಪು ಎಲ್ಲಿದೆ ಅಂತ ಸಿಗ್ತಿತ್ತು. ಅವರಿಗೆ ಅದೇ ಸಂಬಳಕ್ಕಿಂತ ದೊಡ್ಡ ಸಂಬಳ.

ವಿಲೀನ ಆಯ್ತು. ಮೊದಲು ಬೋರ್ಡ್ ಬದಲಾಯ್ತು. ಅದು ಅಷ್ಟೇನೂ ತಟ್ಟಲಿಲ್ಲ. ಕೆಲವು ತಿಂಗಳಾದ ಮೇಲೆ ಕಂಪ್ಯೂಟರಿನ ವ್ಯವಸ್ಥೆ ಬದಲಾಯ್ತು. ನಿಜವಾದ ಹೊಸ ಆಫೀಸು ಬಂದಿದ್ದು ಆವತ್ತು. ಮೆನು ಬೇರೆ, ಕೋಡ್ ಬೇರೆ, ಫಾರಂ ಬೇರೆ, ಯಾವುದಕ್ಕೆ ಯಾರ ಒಪ್ಪಿಗೆ ಬೇಕು ಅನ್ನೋ ಕ್ರಮ ಬೇರೆ. ನಿಮಗೆ ಇದು ಐಎಫ್‌ಎಸ್‌ಸಿ ಕೋಡ್ ಬದಲಾಗಿದ್ದರಲ್ಲಿ, ಚೆಕ್ ಬುಕ್ ಬದಲಾಗಿದ್ದರಲ್ಲಿ ಗೊತ್ತಾಗಿರುತ್ತೆ. ಸಿಂಡಿಕೇಟ್ ಬ್ಯಾಂಕಿನ ಗ್ರಾಹಕರು ನೆನಪು ಮಾಡ್ಕೊಳ್ಳಿ. ಎಸ್‌ವೈಎನ್‌ಬಿ ಅಂತ ಶುರುವಾಗೋ ಕೋಡ್ 2021ರ ಜುಲೈ 1ರಿಂದ ನಡೆಯೋದಿಲ್ಲ ಅಂದಾಗ ಎಷ್ಟು ಗಲಿಬಿಲಿ ಆಗಿತ್ತು! ನಮಗೆ ಬದಲಾಗಿದ್ದು ಒಂದು ಕೋಡು. ಕೌಂಟರಿನ ಆಚೆ ಕೂತವರಿಗೆ ದಿನಕ್ಕೆ ನೂರು ಸಲ ಅದೇ ಗಲಿಬಿಲಿ.

ಆ ವಾರ ಭಾವನ ಕೌಂಟರಿಗೆ ಒಬ್ಬ ಅಜ್ಜಿ ಬಂದರು. ವೃದ್ಧಾಪ್ಯ ವೇತನ ತಗೊಳ್ಳೋಕೆ ತಿಂಗಳು ತಿಂಗಳು ಬರೋ ಅಜ್ಜಿ. ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡೋದು ಭಾವನಿಗೆ ಎರಡು ನಿಮಿಷದ ಕೆಲಸ. ಆವತ್ತು ಇಪ್ಪತ್ತು ನಿಮಿಷ ಆಯ್ತು. ಪರದೆ ಮೇಲೆ ಎಲ್ಲಿ ಒತ್ತಬೇಕು ಅಂತ ಗೊತ್ತಿಲ್ಲ. ಹಿಂದೆ ಸಾಲು ಬೆಳೀತಿದೆ. ಯಾರೋ ಗೊಣಗ್ತಿದ್ದಾರೆ. ಅಜ್ಜಿ ಗಾಜಿನ ಕಿಂಡಿಯಲ್ಲಿ ಬಗ್ಗಿ ನೋಡಿ, ಪಾಪ, ಮರುಕದಿಂದಲೇ ಕೇಳಿದರಂತೆ: "ಯಾಕ್ ಸ್ವಾಮಿ, ನೀವೂ ಹೊಸಬ್ರಾ?"

ಹನ್ನೊಂದು ವರ್ಷದಿಂದ ನೋಡ್ತಿರೋ ಅಜ್ಜಿ!

ಭಾವ ಆ ರಾತ್ರಿ ಊಟ ಮಾಡಲಿಲ್ಲ. ಒಂದು ಬಿಳಿ ಹಾಳೆ ತಗೊಂಡು ಸ್ವಯಂ ನಿವೃತ್ತಿಗೆ ಅರ್ಜಿ ಬರೆದರು. ಮಗಳ ಇಂಜಿನಿಯರಿಂಗ್ ಇನ್ನೂ ಎರಡು ವರ್ಷ ಬಾಕಿ. ಮನೆ ಸಾಲ ಬಾಕಿ. ಆದರೂ ಬರೆದರು. ಬರೆದು ಶರ್ಟಿನ ಜೇಬಲ್ಲಿ ಇಟ್ಕೊಂಡರು. ನನಗೆ ಫೋನ್ ಮಾಡಿ ಹೇಳಿದ ಮಾತು ನನಗಿನ್ನೂ ನೆನಪಿದೆ. "ಕೆಲಸ ಕಷ್ಟ ಅಂತ ಅಲ್ಲ ಕಣೋ. ನಾನು ಐವತ್ತೆರಡನೇ ವಯಸ್ಸಲ್ಲಿ ದಡ್ಡ ಆಗೋದು ನನ್ನ ಕೈಲಿ ಆಗಲ್ಲ."

ವೀಕ್ಷಕರೇ, ಇಡೀ ವಿಷಯ ಇರೋದು ಆ ಒಂದು ಮಾತಲ್ಲಿ. ಹೊಸ ಜಾಗದಲ್ಲಿ ನೋಯೋದು ಕೆಲಸ ಅಲ್ಲ. ಕೆಲಸ ಕಲೀಬಹುದು. ನೋಯೋದು, ಹೇಳಿಕೊಡ್ತಿದ್ದವನು ಕೇಳಿ ತಿಳ್ಕೊಳ್ಳೋನು ಆಗ್ತಾನಲ್ಲ, ಅದು.

ನನಗೂ ಆಗಿದೆ. ನಾನು ಪತ್ರಿಕೆಯಿಂದ ಟಿವಿಗೆ ಬಂದವನು. ಪತ್ರಿಕೆಯಲ್ಲಿ ನನ್ನ ಕಾಪಿಯನ್ನ ಮುಟ್ಟೋಕೆ ಸಬ್ ಎಡಿಟರ್‌ಗಳು ಹಿಂದೆ ಮುಂದೆ ನೋಡ್ತಿದ್ದರು. ಟಿವಿಗೆ ಬಂದ ಮೊದಲ ವಾರ, ಇಪ್ಪತ್ತಮೂರು ವರ್ಷದ ಹುಡುಗ ನನ್ನ ಸ್ಕ್ರಿಪ್ಟ್ ನೋಡಿ, "ಸರ್, ಈ ವಾಕ್ಯ ಓದೋ ಹೊತ್ತಿಗೆ ವೀಕ್ಷಕರು ಚಾನೆಲ್ ಬದಲಾಯಿಸಿರ್ತಾರೆ" ಅಂದ. ಕಣ್ಣಿಗೆ ದೀಪ, ಎದುರಿಗೆ ಓಡ್ತಿರೋ ಪ್ರಾಂಪ್ಟರ್, ಕಿವಿಯೊಳಗೆ ಪಿಸಿಆರ್‌ನಿಂದ ಇನ್ಯಾರದೋ ಧ್ವನಿ. ಒಂದು ಸಲ ಕಿವಿಯಲ್ಲಿ ಬಂದ "ಬ್ರೇಕ್ ತಗೊಳ್ಳಿ" ಅನ್ನೋ ಮಾತಿಗೆ ಲೈವ್‌ನಲ್ಲೇ "ಆಯ್ತು" ಅಂತ ಉತ್ತರ ಕೊಟ್ಟಿದ್ದೀನಿ. ಅವಮಾನ ಆಗಿತ್ತು.

ಆಗ ನಾನು ಏನು ಮಾಡ್ತಿದ್ದೆ ಗೊತ್ತಾ? ಎಲ್ಲದಕ್ಕೂ ಒಂದೇ ಮಾತು. "ನಮ್ಮಲ್ಲಿ ಹೀಗಿರಲಿಲ್ಲ." ನಮ್ಮಲ್ಲಿ ಸುದ್ದಿಯನ್ನ ಎರಡು ಸಲ ಖಚಿತ ಮಾಡ್ಕೊಳ್ತಿದ್ವಿ. ನಮ್ಮಲ್ಲಿ ಹೆಡ್‌ಲೈನ್‌ಗೆ ಒಂದು ಗಂಟೆ ಯೋಚಿಸ್ತಿದ್ವಿ. ನಮ್ಮಲ್ಲಿ ಕ್ಯಾಂಟೀನ್ ಕಾಫಿ ಕೂಡ ಚೆನ್ನಾಗಿತ್ತು. ಎರಡು ತಿಂಗಳು ಕೇಳಿ ಕೇಳಿ ಸಾಕಾಗಿ, ನಮ್ಮ ಹಿರಿಯ ಕ್ಯಾಮೆರಾಮನ್ ಒಬ್ಬರು ನಗ್ತಾನೇ ಕೇಳಿದರು: "ಸರ್, ಅಲ್ಲಿ ಅಷ್ಟು ಚೆನ್ನಾಗಿದ್ದಿದ್ದರೆ ಬಂದಿದ್ದಾದರೂ ಯಾಕೆ?"

ಉತ್ತರ ಇರಲಿಲ್ಲ ನನ್ನ ಹತ್ತಿರ. ನಾನಾದರೂ ನಾನಾಗೇ ಬಂದವನು. ಭಾವ ಹಾಗಲ್ಲ. ಅವರು ಎಲ್ಲಿಗೂ ಹೋಗಿರಲಿಲ್ಲ. ಅದಕ್ಕೇ ಅವರಿಗೆ ಬುದ್ಧಿ ಹೇಳೋ ಧೈರ್ಯ ನನಗೆ ಬರಲಿಲ್ಲ. "ಸ್ವಲ್ಪ ದಿನ ನೋಡಿ ಭಾವ" ಅಂದೆ, ಅಷ್ಟೇ.

ಬುದ್ಧಿ ಹೇಳಿದ್ದು ಅಕ್ಕ. ಮಾರನೇ ದಿನ ಬೆಳಿಗ್ಗೆ ಶರ್ಟ್ ಇಸ್ತ್ರಿ ಮಾಡೋವಾಗ ಜೇಬಲ್ಲಿದ್ದ ಹಾಳೆ ಸಿಕ್ಕಿತು. ಓದಿದಳು. ಅಳಲಿಲ್ಲ, ಬೈಯಲಿಲ್ಲ. ಕಾಫಿ ಕೊಡ್ತಾ ಹೇಳಿದಳಂತೆ: "ರೀ, ನಾನು ಈ ಮನೆಗೆ ಬಂದಾಗ ಕಾಫಿಪುಡಿ ಡಬ್ಬ ಎಲ್ಲಿದೆ ಅಂತ ಅತ್ತೆ ನನಗೆ ಹೇಳೋಕೇ ಮೂರು ತಿಂಗಳು ತಗೊಂಡ್ರು. ನಾನು ಮಾಡಿದ ಸಾರಿಗೆ ಬೆಲ್ಲ ಜಾಸ್ತಿ ಅಂದ್ರು. 'ನಮ್ಮನೇಲಿ ಹೀಗೇ ಮಾಡೋದು' ಅಂದಿದ್ದಕ್ಕೆ, 'ಯಾವುದಮ್ಮಾ ನಿಮ್ಮನೆ?' ಅಂತ ಕೇಳಿದ್ರು. ನಾನು ರಾಜೀನಾಮೆ ಬರೆದ್ನಾ?"

ಭಾವ ಇದನ್ನ ನನಗೆ ಹೇಳಿ ತುಂಬ ನಕ್ಕರು. ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆ ಆಯ್ತು. ಯಾಕಂದ್ರೆ ಅಕ್ಕ ಮದುವೆಯಾಗಿ ಹೋದ ಹೊಸದರಲ್ಲಿ ಅವಳಿಗೆ ಹೇಗಿತ್ತು ಅಂತ ಅಣ್ಣತಮ್ಮಂದಿರು ನಾವು ಯಾರೂ ಒಂದು ದಿನಕ್ಕೂ ಕೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಇಪ್ಪತ್ತೆರಡು, ಇಪ್ಪತ್ತಮೂರಕ್ಕೆ ಮಾಡಿದ ಕೆಲಸ ಇದು. ತರಬೇತಿ ಇಲ್ಲ, ಸರ್ಕ್ಯುಲರ್ ಇಲ್ಲ, ಸಹಾಯವಾಣಿ ಇಲ್ಲ. ಹೊಸ ಜಾಗಕ್ಕೆ ಹೊಂದಿಕೊಳ್ಳೋದು ಹೇಗೆ ಅಂತ ಗಂಡಸರು ದೊಡ್ಡ ದೊಡ್ಡ ಭಾಷಣ ಕೇಳೋಕೆ ಹೋಗೋ ಬದಲು ಅಡುಗೆಮನೆಗೆ ಹೋಗಿ ಒಂದು ಮಾತು ಕೇಳಿದ್ರೆ ಸಾಕು. ಹಾಗಂತ ಸಹಿಸಿಕೊಂಡಿದ್ದೇ ದೊಡ್ಡದು ಅಂತ ಹೇಳ್ತಿಲ್ಲ. ಆ ಕಾಫಿಪುಡಿ ಡಬ್ಬ ಮೊದಲ ದಿನವೇ ತೋರಿಸಬಹುದಿತ್ತು. ಅದೂ ಅಷ್ಟೇ ಮುಖ್ಯ. ಅದಕ್ಕೆ ಆಮೇಲೆ ಬರ್ತೀನಿ.

ಭಾವ ಅರ್ಜಿ ಕೊಡಲಿಲ್ಲ. ಹರಿದೂ ಹಾಕಲಿಲ್ಲ. ಬೀರುವಿನಲ್ಲಿಟ್ಟರು. "ಮೂರು ತಿಂಗಳು" ಅಂದರು. ಅಂಗಡಿಗೆ ಹೋಗಿ ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ತಂದರು. ಗೊತ್ತಿಲ್ಲದ್ದು ಏನೇ ಬಂದರೂ ಎಡಗಡೆ ಪುಟದಲ್ಲಿ ಪ್ರಶ್ನೆ. ಉತ್ತರ ಸಿಕ್ಕಿದ ಮೇಲೆ ಬಲಗಡೆ ಪುಟದಲ್ಲಿ. ಕಡೇ ಪುಟಗಳಲ್ಲಿ ಇನ್ನೊಂದು ಪಟ್ಟಿ: 'ನಮ್ಮಲ್ಲಿ ಇದು ಚೆನ್ನಾಗಿತ್ತು.' ಬಾಯಲ್ಲಿ ಹೇಳೋದಿಲ್ಲ, ಬರೆದು ಮಾತ್ರ ಇಡೋದು.

ಆ ಹೊತ್ತಿಗೆ ಬ್ರಾಂಚಿಗೆ ಆ ಬ್ಯಾಂಕಿನ ಕಡೆಯಿಂದ ಒಬ್ಬ ಹುಡುಗಿ ಬಂದಿದ್ದಳು. ಆಂಧ್ರದವಳು, ಆಫೀಸರ್. ಕಂಪ್ಯೂಟರಿನ ಮೆನು ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಕನ್ನಡ ಬರಲ್ಲ. ರೈತರು ಬಂದು ಬೆಳೆ ಸಾಲದ ವಿಷಯ ಕೇಳಿದ್ರೆ ಅವಳ ಮುಖ ಬಿಳಿಚಿಕೊಳ್ತಿತ್ತು. ಭಾವ ಅವಳನ್ನ ನೋಡಿ ಒಂದು ದಿನ ಅಂದುಕೊಂಡರಂತೆ: 'ಅರೆ, ಇವಳೂ ನನ್ನ ಹಾಗೇ ಹೊಸಬಳು. ಮನೆ, ಊರು ಬಿಟ್ಟು ಬಂದಿದ್ದಾಳೆ. ನಾನಾದರೂ ರಾತ್ರಿ ನನ್ನ ಮನೇಲಿ ಊಟ ಮಾಡ್ತೀನಿ.' ಅಲ್ಲಿಂದ ಒಂದು ಒಪ್ಪಂದ. ಪರದೆ ಮೇಲಿನದು ಅವಳು ಹೇಳಿಕೊಡೋದು, ಕೌಂಟರಿನ ಆಚೆಯದು ಇವರು ಹೇಳಿಕೊಡೋದು. ಪಹಣಿ ಅಂದ್ರೇನು, ಯಾವ ಹೋಬಳಿ ಯಾವ ಕಡೆ, ಯಾರು ಕಟ್ಟೋ ಆಸಾಮಿ, ಯಾರು ಕತೆ ಹೇಳೋ ಆಸಾಮಿ.

ಇದನ್ನ ಸಿನಿಮಾ ಥರ ಮುಗಿಸೋಕೆ ನನಗೆ ಇಷ್ಟ ಇಲ್ಲ, ಯಾಕಂದ್ರೆ ಹಾಗೆ ಮುಗೀಲಿಲ್ಲ. ಭಾವನ ಜೊತೆಗಿದ್ದ ಒಬ್ಬರು ನಿಜವಾಗಿಯೂ ಸ್ವಯಂ ನಿವೃತ್ತಿ ತಗೊಂಡು ಹೋದರು. ಅವರು ಸೋತರು ಅಂತ ನಾನು ಹೇಳಲ್ಲ. ಅವರ ಲೆಕ್ಕ ಅವರಿಗೆ ಗೊತ್ತು. ಒಂದೇ ರಸ್ತೆಯಲ್ಲಿ ಒಂದೇ ಬ್ಯಾಂಕಿನ ಎರಡು ಬ್ರಾಂಚ್ ಯಾಕೆ ಅಂತ ಭಾವನ ಬ್ರಾಂಚನ್ನೇ ಮುಚ್ಚಿ ಇನ್ನೊಂದಕ್ಕೆ ಸೇರಿಸಿದರು. ಕುರ್ಚಿಯೂ ಹೋಯ್ತು. ಭಾವನಿಗೆ ಅರವತ್ತು ಕಿಲೋಮೀಟರ್ ದೂರದ ಊರಿಗೆ ವರ್ಗ ಆಯ್ತು. ಎರಡು ವರ್ಷ ಬೆಳಿಗ್ಗೆ ಆರೂವರೆ ಬಸ್ಸು. ವಿಲೀನದ ಕಡತದಲ್ಲಿ ಇಷ್ಟು ಸಾವಿರ ಕೋಟಿ ಠೇವಣಿ, ಇಷ್ಟು ಬ್ರಾಂಚು, ಇಷ್ಟು ನೌಕರರು ಅಂತ ಕಾಲಂ ಇರುತ್ತೆ. ಆರೂವರೆ ಬಸ್ಸಿಗೆ ಕಾಲಂ ಇರಲ್ಲ.

ಆದರೆ ಆ ಹೊಸ ಊರಿನ ಬ್ರಾಂಚಿಗೆ ಹೋದಾಗ ಭಾವ ಹೆದರಲಿಲ್ಲ. ನೋಟ್‌ಬುಕ್ ತಗೊಂಡು ಹೋದರು. ಒಂದು ಸಲ ಹೊಸಬನಾಗಿ ಬದುಕಿದವನಿಗೆ ಎರಡನೇ ಸಲ ಗೊತ್ತಿರುತ್ತೆ, ಇದು ಮೂರು ತಿಂಗಳ ಜ್ವರ, ಇಳಿಯುತ್ತೆ ಅಂತ.

ಈಗ ನಿಮ್ಮ ವಿಷಯ. ನೀವು ಬ್ಯಾಂಕಿನವರೇ ಆಗಬೇಕು ಅಂತಿಲ್ಲ. ವರ್ಗವಾಗಿ ಬೇರೆ ಜಿಲ್ಲೆಗೆ ಹೋದ ಮೇಷ್ಟ್ರಾಗಿರಬಹುದು. ಕಂಪನಿ ಬದಲಾಯಿಸಿದ ಸಾಫ್ಟ್‌ವೇರ್ ಇಂಜಿನಿಯರ್ ಆಗಿರಬಹುದು. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಲೈನ್ ಬದಲಾದ ತಾಯಿ ಆಗಿರಬಹುದು. ನಾನು ಕಲಿತಿದ್ದು, ಭಾವ ಕಲಿತಿದ್ದು ಸೇರಿಸಿ ನಾಲ್ಕು ಮಾತು ಹೇಳ್ತೀನಿ.

ಒಂದು. ಮೊದಲ ತಿಂಗಳಲ್ಲೇ ಕೇಳಿಬಿಡಿ. ಹೊಸಬ ಕೇಳಿದ್ರೆ ಯಾರೂ ನಗಲ್ಲ. ಗೊತ್ತಿರೋ ಹಾಗೆ ನಟನೆ ಮಾಡಿ ಆರನೇ ತಿಂಗಳಲ್ಲಿ ಅದೇ ಪ್ರಶ್ನೆ ಕೇಳಿದ್ರೆ, ಆಗ ನಗ್ತಾರೆ. ನಾಚಿಕೆಗೂ ಬಡ್ಡಿ ಬೆಳೆಯುತ್ತೆ, ಬೇಗ ತೀರಿಸಿದಷ್ಟೂ ಒಳ್ಳೇದು.

ಎರಡು. 'ನಮ್ಮಲ್ಲಿ ಹೀಗಿತ್ತು' ಅನ್ನೋ ಮಾತನ್ನ ಮೂರು ತಿಂಗಳು ಬಾಯಿಗೆ ತರಬೇಡಿ. ಮರೀಬೇಡಿ, ಬರೆದಿಡಿ. ಮೂರು ತಿಂಗಳಾದ ಮೇಲೆ ಆ ಪಟ್ಟಿ ತೆಗೆದು ನೋಡಿ. ಅರ್ಧ ನಿಮಗೇ ಬೇಡ ಅನ್ನಿಸುತ್ತೆ. ಉಳಿದರ್ಧ ನಿಜವಾಗಿ ಒಳ್ಳೇದಿರುತ್ತೆ. ಅದನ್ನ ಆಗ ಹೇಳಿ, 'ಹೀಗೆ ಮಾಡಿದ್ರೆ ಹೇಗೆ?' ಅಂತ ಹೇಳಿ. ಭಾವನ ಪಟ್ಟಿಯಲ್ಲಿ ಒಂದಿತ್ತು. ವಯಸ್ಸಾದವರಿಗೆ ತಿಂಗಳ ಮೊದಲ ವಾರ ಬೇರೆ ಸಾಲು. ಹೊಸ ಮ್ಯಾನೇಜರ್ ಒಪ್ಪಿಕೊಂಡರು. ಮೊದಲ ದಿನವೇ ಹೇಳಿದ್ದಿದ್ರೆ ಒಪ್ಪುತ್ತಿದ್ದರಾ? ನನಗೆ ಅನುಮಾನ.

ಮೂರು. ಒಬ್ಬರನ್ನ ಹುಡುಕಿಕೊಳ್ಳಿ. ಬಾಸ್ ಅಲ್ಲ. ಆಫೀಸಿನ ನಾಡಿ ಗೊತ್ತಿರೋರು. ಎಷ್ಟೋ ಕಡೆ ಅದು ಅಟೆಂಡರ್ ಆಗಿರ್ತಾರೆ, ಸೆಕ್ಯುರಿಟಿಯವರಾಗಿರ್ತಾರೆ. ಅವರ ಹೆಸರು ಕೇಳಿ ತಿಳ್ಕೊಳ್ಳಿ, ಹೆಸರು ಹಿಡಿದು ಮಾತಾಡಿಸಿ.

ನಾಲ್ಕು. ಆಫೀಸಿನ ಅವಮಾನವನ್ನ ಮನೆಗೆ ತಗೊಂಡು ಹೋಗಿ ಮಕ್ಕಳ ಮೇಲೆ ಇಳಿಸಬೇಡಿ. ಹೇಳ್ಕೊಳ್ಳಿ. 'ಇವತ್ತು ನನಗೆ ಕಷ್ಟ ಆಯ್ತು' ಅಂತ ಹೆಂಡತಿ ಹತ್ತಿರ, ಗಂಡನ ಹತ್ತಿರ ಬಾಯಿಬಿಟ್ಟು ಹೇಳಿ. ಜೇಬಲ್ಲಿ ಮಡಚಿಟ್ಟ ಹಾಳೆಗಿಂತ ಅದು ಹಗುರ.

ಇನ್ನು, ಹಳಬರಿಗೆ. ಕಾಫಿಪುಡಿ ಡಬ್ಬದ ವಿಷಯಕ್ಕೆ ಬರ್ತೀನಿ ಅಂದಿದ್ದೆನಲ್ಲ. ಹೊಂದಿಕೊಳ್ಳೋ ಹೊಣೆಯನ್ನೆಲ್ಲ ಹೊಸಬರ ತಲೆಗೆ ಕಟ್ಟೋದು ನಮ್ಮ ಅಭ್ಯಾಸ. 'ಬಂದವರು ಕಲೀಲಿ, ನಾವು ಕಲೀಲಿಲ್ವಾ?' ಅಂತೀವಿ. ನಿಮ್ಮ ಆಫೀಸಿಗೆ ಹೊಸಬರು ಬಂದ್ರೆ ನೀರು ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ, ಮಧ್ಯಾಹ್ನ ಎಲ್ಲರೂ ಎಲ್ಲಿ ಕೂತು ಊಟ ಮಾಡ್ತಾರೆ, ಇಷ್ಟು ಮೊದಲ ದಿನವೇ ಹೇಳಿ. 'ಬನ್ನಿ, ಊಟಕ್ಕೆ' ಅಂತ ಕರೀರಿ. ಹೊಸ ಆಫೀಸಿನಲ್ಲಿ ಅತಿ ಉದ್ದದ ಅರ್ಧ ಗಂಟೆ ಯಾವುದು ಅಂದ್ರೆ, ಡಬ್ಬಿ ಹಿಡ್ಕೊಂಡು ಎಲ್ಲಿ ಕೂರಬೇಕು ಅಂತ ಗೊತ್ತಾಗದೆ ನಿಲ್ಲೋ ಆ ಊಟದ ಹೊತ್ತು. ಅದನ್ನ ತಪ್ಪಿಸೋಕೆ ಯಾವ ಆದೇಶವೂ ಬೇಡ, ಖರ್ಚೂ ಇಲ್ಲ.

ಕಳೆದ ವರ್ಷ ಅಕ್ಕನ ಮನೆಗೆ ಹೋಗಿದ್ದೆ. ರಾತ್ರಿ ಊಟಕ್ಕೆ ಕೂತಿದ್ದೆವು. ಬ್ಯಾಂಕುಗಳ ಬಗ್ಗೆ ಏನೋ ಮಾತು ಬಂತು. ಭಾವ ಅನ್ನ ಕಲಸ್ತಾ ಸಹಜವಾಗಿ ಅಂದರು: "ಬೇರೆ ಕಡೆ ಗೊತ್ತಿಲ್ಲಪ್ಪ, ನಮ್ಮಲ್ಲಿ ಮಾತ್ರ ಆ ಕೆಲಸ ಒಂದೇ ದಿನದಲ್ಲಿ ಆಗುತ್ತೆ."

ಅಕ್ಕ ಸಾರು ಬಡಿಸ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತಳು. "ಯಾವ 'ನಮ್ಮಲ್ಲಿ' ರೀ? ಹಳೇದೋ, ಹೊಸದೋ?"

ಭಾವ ಒಂದು ಗಳಿಗೆ ಯೋಚನೆ ಮಾಡಿದರು. ಆಮೇಲೆ, "ಅಯ್ಯೋ, ಈಗಿಂದೇ ಕಣೇ" ಅಂದರು. ಅವರಿಗೇ ಆಶ್ಚರ್ಯ ಆದ ಹಾಗಿತ್ತು.

ಆ ಮಾತು ಯಾವತ್ತು ಬದಲಾಯ್ತು ಅಂತ ಅವರಿಗೂ ಗೊತ್ತಿಲ್ಲ. ನನಗೂ ನನ್ನದು ಗೊತ್ತಿಲ್ಲ. ಈಗ ಇಲ್ಲಿ ಕೂತು 'ನಮ್ಮ ಚಾನೆಲ್ಲು' ಅಂತ ದಿನಕ್ಕೆ ಹತ್ತು ಸಲ ಹೇಳ್ತೀನಿ. ಅದು ಯಾವುದೋ ಒಂದು ದಿನ, ನಾವು ಬೇರೆ ಕೆಲಸದಲ್ಲಿ ಮುಳುಗಿದ್ದಾಗ, ಸದ್ದಿಲ್ಲದೆ ಆಗಿಹೋಗಿರುತ್ತೆ. ಅಲ್ಲಿವರೆಗೆ ತಡ್ಕೋಬೇಕು. ಅಲ್ಲಿವರೆಗೆ ಯಾರಾದರೂ ಒಬ್ಬರು ಊಟಕ್ಕೆ ಕರೀಬೇಕು. ನಾಳೆ ನಿಮ್ಮ ಆಫೀಸಿನಲ್ಲಿ ಆ ಒಬ್ಬರು ನೀವೇ ಆಗಿ.